ಎರಡು ಗುಂಡು, ಒಂದು ರಿಬ್ಬನ್

ಹೋದ ತಿಂಗಳು ಒಂದು ರಾತ್ರಿ ಹನ್ನೊಂದೂವರೆಗೆ ನಾನು ಒಂದು ಹಳೇ ಬಂಗಲೆಯ ಕಾರಿಡಾರಿನಲ್ಲಿ ನಿಂತಿದ್ದೆ. ಎದುರಿಗೆ ಒಂದು ಹೆಣ ಕಾಲೆಳೆಯುತ್ತಾ ಬರುತ್ತಿತ್ತು. ಪಿಸ್ತೂಲಿನಲ್ಲಿ ಎರಡೇ ಗುಂಡು. ಹೆಣ ಮಲಗಬೇಕಾದರೆ ಐದಾರಾದರೂ ಬೇಕು. ಹೆದರಬೇಕಿತ್ತು, ಅಲ್ವಾ? ನಾನು ಚೀಲ ತೆರೆದು ಲೆಕ್ಕ ಹಾಕುತ್ತಾ ಕೂತೆ. ಚೀಲ ತೆರೆದಾಗ ಆಟ ನಿಂತು ಕಾಯುತ್ತದೆ. ಹೆಣವೂ ಎತ್ತಿದ ಕಾಲು ಎತ್ತಿದ ಹಾಗೇ ಕಾಯುತ್ತದೆ. ಅಷ್ಟು ಮರ್ಯಾದೆ ಅದಕ್ಕಿದೆ.

ನೀರು ಕುಡಿಯಲು ಎದ್ದ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ದೆವ್ವದ ಆಟ ಅಂದ್ರಿ. ಮುಖ ನೋಡಿದ್ರೆ ತಿಂಗಳ ಕೊನೇಲಿ ಹಾಲಿನ ಲೆಕ್ಕ ಬರೆಯೋ ಹಾಗಿದೆ."

ಅವಳು ಸುಮ್ನೆ ಅಂದದ್ದು, ಆದರೆ ಸರಿಯಾಗಿಯೇ ಅಂದಳು. ರೆಸಿಡೆಂಟ್ ಈವಿಲ್ ಆಟದ ಒಳಗುಟ್ಟೇ ಅದು. 1996ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ಪ್ಲೇಸ್ಟೇಷನ್ ಅನ್ನುವ ಆಟದ ಯಂತ್ರಕ್ಕೆ ಅಂತ ಇದನ್ನು ತಂದಿತು. ನಿರ್ದೇಶಕ ಶಿಂಜಿ ಮಿಕಾಮಿ. 2002ರಲ್ಲಿ ಅದನ್ನೇ ಹೊಸದಾಗಿ ಕಟ್ಟಿದರು, 2015ರಲ್ಲಿ ಆ ಹೊಸದಕ್ಕೆ ಹೊಳಪು ಕೊಟ್ಟು ಕಂಪ್ಯೂಟರಿಗೂ ಬಿಟ್ಟರು. ನಾನು ಆಡುವುದು ಇದನ್ನು. ಹೆಣ, ನಾಯಿ, ಮನೆಯಷ್ಟುದ್ದದ ಹಾವು, ಎಲ್ಲ ಇವೆ. ಅವಕ್ಕೆ ಎರಡು ದಿನದಲ್ಲಿ ಅಭ್ಯಾಸವಾಗಿಬಿಡುತ್ತದೆ. ಅಭ್ಯಾಸವಾಗದ್ದು ಚೀಲದ ಖಾನೆಗಳು. ಆಟದ ನಾಯಕಿ ಜಿಲ್ ಆಗಿ ಆಡಿದರೆ ಎಂಟು, ನಾಯಕ ಕ್ರಿಸ್ ಆಗಿ ಆಡಿದರೆ ಆರೇ ಆರು.

ಆರು ಖಾನೆ ಎಂದರೆ ಏನು ಅಂತ ಆಡದವರಿಗೆ ಹೇಳಬೇಕು. ಪಿಸ್ತೂಲಿಗೊಂದು ಖಾನೆ, ಅದರ ಗುಂಡಿಗೊಂದು. ಉದ್ದನೆಯ ಶಾಟ್‌ಗನ್‌ಗೂ ಒಂದೇ ಖಾನೆ, ಬೆರಳುದ್ದದ ಬೀಗದ ಕೈಗೂ ಒಂದು ಖಾನೆ. ಇದು ಯಾವ ನ್ಯಾಯ ಅಂತ ಕೇಳುವ ಹಾಗಿಲ್ಲ. ಗಾಯಕ್ಕೆ ಹಾಕುವ ಸೊಪ್ಪು ಮೂರು ಬಣ್ಣದ್ದು. ಹಸಿರು ಸೊಪ್ಪು ಸ್ವಲ್ಪ ಗುಣ ಮಾಡುತ್ತದೆ. ಕೆಂಪು ಒಂದೇ ಇದ್ದರೆ ಏನಕ್ಕೂ ಬಾರದು, ಹಸಿರಿನ ಜೊತೆ ಅರೆದರೆ ಪೂರ್ತಿ ಗುಣ. ನೀಲಿ ವಿಷಕ್ಕೆ ಮದ್ದು. ಎರಡು ಸೊಪ್ಪು ಬೆರೆಸಿದರೆ ಒಂದು ಖಾನೆ ಉಳಿಯುತ್ತದೆ. ಹಾಗಾಗಿ ಗಾಯವೇ ಆಗದಿದ್ದರೂ ಮೊದಲು ಅರೆದಿಟ್ಟುಕೊಳ್ಳುವುದು ಜಾಣತನ. ಮದ್ದಿಗಿಂತ ಜಾಗ ದುಬಾರಿ.

ಆಡುತ್ತಾ ಆಡುತ್ತಾ ಗೊತ್ತಾಗುವುದು ಇನ್ನೂ ಒಂದಿದೆ. ಚೀಲದಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಖಾಲಿ ಖಾನೆ. ಹೊಸ ಕೋಣೆಗೆ ತುಂಬಿದ ಚೀಲ ಹೊತ್ತು ಹೋದರೆ ಅಲ್ಲಿ ಸಿಕ್ಕ ಬೀಗದ ಕೈಯನ್ನು ಎತ್ತಿಕೊಳ್ಳಲು ಜಾಗ ಇರುವುದಿಲ್ಲ. ಹಿಂದೆ ಬರಬೇಕು, ಸಾಮಾನಿನ ಡಬ್ಬಿ ಇರುವ ಕೋಣೆಗೆ ಹೋಗಿ ಇಳಿಸಬೇಕು, ಮತ್ತೆ ಅದೇ ಕಾರಿಡಾರ್ ದಾಟಬೇಕು. ಅದೇ ಹೆಣ. ನೆಂಟರ ಮನೆಗೆ ಹೊರಡುವಾಗ ಚೀಲ ಖಾಲಿ ಇಟ್ಟುಕೊಳ್ಳಬೇಕು, ವಾಪಸು ಬರುವಾಗ ಹಲಸಿನಹಣ್ಣು ಕೊಡುತ್ತಾರೆ ಅಂತ ನಮ್ಮಪ್ಪ ಹೇಳುತ್ತಿದ್ದರು. ಅವರಿಗೆ ಈ ಆಟ ಒಂದೇ ಏಟಿಗೆ ಅರ್ಥವಾಗುತ್ತಿತ್ತು.

ಡಬ್ಬಿಯದ್ದೂ ಒಂದು ತಮಾಷೆ. ಇಲ್ಲಿ ಹಾಕಿದ್ದನ್ನು ಬಂಗಲೆಯ ಇನ್ನೊಂದು ಮೂಲೆಯ ಡಬ್ಬಿಯಿಂದ ತೆಗೆಯಬಹುದು. ಎಲ್ಲ ಡಬ್ಬಿಯೂ ಒಂದೇ ಡಬ್ಬಿ. ಹೇಗೆ ಅಂತ ಯಾರೂ ವಿವರಿಸುವುದಿಲ್ಲ, ನಾವೂ ಕೇಳುವುದಿಲ್ಲ. 2002ರಲ್ಲೇ ಬಂದ ಇನ್ನೊಂದು ಭಾಗದಲ್ಲಿ ಡಬ್ಬಿಯನ್ನೇ ತೆಗೆದುಹಾಕಿದ್ದರು. ಸಾಮಾನನ್ನು ನೆಲದ ಮೇಲೆ ಬಿಟ್ಟು ಹೋಗಬೇಕು, ಬೇಕಾದಾಗ ಅಲ್ಲಿಗೇ ಬರಬೇಕು. ನಾನು ಅದನ್ನು ಅರ್ಧಕ್ಕೇ ಬಿಟ್ಟೆ. ಮನೆ ಬದಲಾಯಿಸುವ ದಿನದ ಹಾಲ್ ನೆನಪಾಗುತ್ತಿತ್ತು.

ಹೆಣಗಳನ್ನು ಏನು ಮಾಡುವುದು? ಹೊಸಬರು ಕಂಡದ್ದಕ್ಕೆಲ್ಲ ಗುಂಡು ಹೊಡೆಯುತ್ತಾರೆ. ಪಳಗಿದವರು ಹೊಡೆಯುವುದೇ ಇಲ್ಲ. ಹೆಣವನ್ನು ಒಂದು ಗೋಡೆಯ ಕಡೆಗೆ ಕರೆದು, ಇನ್ನೊಂದು ಪಕ್ಕದಿಂದ ನುಸುಳಿ ಹೋಗುತ್ತಾರೆ. ಇನ್ನು ಹತ್ತು ಸಲ ಓಡಾಡಬೇಕಾದ ದಾರಿಯಲ್ಲಿದ್ದರೆ ಮಾತ್ರ ಹೊಡೆ, ಒಂದೇ ಸಲ ಹಾಯುವ ಕೋಣೆಯದ್ದಾದರೆ ಅದರ ಪಾಡಿಗೆ ಬಿಡು. ಆದರೆ 2002ರ ಆಟದಲ್ಲಿ ಇದಕ್ಕೂ ಒಂದು ಕೊಕ್ಕೆ ಹಾಕಿದ್ದಾರೆ. ಹೊಡೆದು ಮಲಗಿಸಿದ ಹೆಣದ ತಲೆ ಹಾರಿರದಿದ್ದರೆ ಅದನ್ನು ಸುಡಬೇಕು. ಸುಡದೆ ಬಿಟ್ಟರೆ ಎಷ್ಟೋ ಹೊತ್ತಿನ ಮೇಲೆ ಕೆಂಪಗಾಗಿ ಎದ್ದು, ಕಾಲೆಳೆಯುವುದನ್ನು ಮರೆತು ಓಡಿ ಬರುತ್ತದೆ. ಸುಡಲು ಸೀಮೆಎಣ್ಣೆ ಬೇಕು. ಅದಕ್ಕೊಂದು ಪುಟ್ಟ ಕ್ಯಾನು, ಎರಡು ಹೆಣಕ್ಕೆ ಆಗುವಷ್ಟು ಹಿಡಿಯುತ್ತದೆ. ಕ್ಯಾನಿಗೆ ಒಂದು ಖಾನೆ. ಜಿಲ್ ಆದರೆ ಲೈಟರಿಗೆ ಇನ್ನೊಂದು.

ಸೀಮೆಎಣ್ಣೆಯನ್ನು ಇಷ್ಟು ಲೆಕ್ಕದಲ್ಲಿ ಬಳಸಿದ್ದನ್ನು ನಾನು ನೋಡಿದ್ದು ನಮ್ಮಮ್ಮನ ಹತ್ತಿರ ಮಾತ್ರ. ಸೊಸೈಟಿಯಲ್ಲಿ ಕಾರ್ಡಿಗೆ ಇಷ್ಟು ಅಂತ ಕೊಡುತ್ತಿದ್ದ ಕಾಲ. ಬಚ್ಚಲೊಲೆ ಹೊತ್ತಿಸಲು ತೆಂಗಿನ ಸಿಪ್ಪೆಯ ಮೇಲೆ ಬಾಟಲಿ ಬಗ್ಗಿಸಿ, ಮುಚ್ಚಳದ ತೂತಿನಿಂದ ನಾಲ್ಕು ಹನಿ ಬೀಳುತ್ತಲೇ ಎತ್ತಿಬಿಡುತ್ತಿದ್ದಳು. ಮಳೆಗಾಲದಲ್ಲಿ ಐದು ಹನಿ. ನಾನು ಹೆಣದ ಮೇಲೆ ಎಣ್ಣೆ ಸುರಿಯುವಾಗಲೆಲ್ಲ ಆ ಕೈ ನೆನಪಾಗುತ್ತದೆ. ಅಮ್ಮನಿಗೆ ಹೇಳಿಲ್ಲ.

ಇನ್ನು ರಿಬ್ಬನ್. ಆಡಿದ್ದನ್ನು ಸೇವ್ ಮಾಡಬೇಕಾದರೆ ಟೈಪ್‌ರೈಟರ್ ಹುಡುಕಬೇಕು, ಕೈಯಲ್ಲಿ ಅದರ ರಿಬ್ಬನ್ ಇರಬೇಕು. ಒಂದು ಸೇವ್‌ಗೆ ಒಂದು ರಿಬ್ಬನ್ ಖರ್ಚು. ಅದಕ್ಕೂ ಒಂದು ಖಾನೆ, ಹೇಳಬೇಕಾಗಿಲ್ಲ. ಬೇರೆ ಆಟದಲ್ಲಿ ಸೇವ್ ಎಂದರೆ ಗಾಳಿ ನೀರಿನ ಹಾಗೆ ಪುಕ್ಕಟೆ, ಇಲ್ಲಿ ಅದೂ ರೇಷನ್. ಮುಕ್ಕಾಲು ಗಂಟೆ ಆಡಿದ್ದೀರಿ. ಉಳಿದದ್ದು ಒಂದೇ ರಿಬ್ಬನ್. ಈಗಲೇ ಬಳಸಿದರೆ ಮುಂದಿನ ದೊಡ್ಡ ಗಂಡಾಂತರಕ್ಕೆ ಏನು ಮಾಡುತ್ತೀರಿ? ಬಳಸದೆ ಸತ್ತರೆ ಮುಕ್ಕಾಲು ಗಂಟೆ ಹೋಯಿತು. ಅಷ್ಟರಲ್ಲಿ ಅಡುಗೆಮನೆಯಿಂದ "ಸಾರು ಆರ್ತಾ ಇದೆ" ಅನ್ನುವ ಕೂಗು. ನಾನು ಒಂದು ಸಲ ಕಂಪ್ಯೂಟರ್ ಆರಿಸದೆ, ಆಟವನ್ನು ಹಾಗೇ ನಿಲ್ಲಿಸಿ, ಉಂಡು, ಮಲಗಿ, ಬೆಳಗ್ಗೆ ಮುಂದುವರಿಸಿದೆ. ಒಂದು ರಿಬ್ಬನ್ ಉಳಿಸಲು ಒಂದು ರಾತ್ರಿಯ ಕರೆಂಟು ಸುಟ್ಟೆ.

ಬೇರೆಯವರೂ ಈ ಕಲೆಯನ್ನು ಬೆಳೆಸಿದ್ದಾರೆ. 2010ರ ಅಮ್ನೀಷಿಯಾ ಅನ್ನುವ ಆಟದಲ್ಲಿ ಆಯುಧವೇ ಇಲ್ಲ, ಲಾಟೀನಿನ ಎಣ್ಣೆ ಮಾತ್ರ. ಕತ್ತಲಲ್ಲಿ ನಿಂತರೆ ತಲೆ ಕೆಡುತ್ತದೆ, ಬೆಳಕು ಹಚ್ಚಿದರೆ ರಾಕ್ಷಸನಿಗೆ ಕಾಣುತ್ತೇವೆ. 2013ರ ದಿ ಲಾಸ್ಟ್ ಆಫ್ ಅಸ್‌ನಲ್ಲಿ ಒಂದು ಬಾಟಲಿ ಸ್ಪಿರಿಟ್, ಒಂದು ಹರಕು ಬಟ್ಟೆ ಇದ್ದರೆ ಗಾಯಕ್ಕೆ ಪಟ್ಟಿ ಮಾಡಿಕೊಳ್ಳಬಹುದು. ಅವೆರಡರಿಂದಲೇ ಬೆಂಕಿ ಬಾಟಲಿಯನ್ನೂ ಮಾಡಬಹುದು. ಎರಡೂ ಬೇಕೆಂದರೆ ಆಗದು. ಇದ್ದ ಒಂದು ಲೋಟ ಹಾಲಿನಲ್ಲಿ ಕಾಫಿ ಮಾಡುವುದೋ ಹೆಪ್ಪು ಹಾಕುವುದೋ ಅನ್ನುವ ಪ್ರಶ್ನೆಯಷ್ಟೇ ಹಳೆಯದು ಇದು.

ಇಷ್ಟೆಲ್ಲ ತಿಳಿದ ಮೇಲೆ ನಾನು ಎಂಥವನಾದೆ? ಎಂಜಲು ಕೈಯಲ್ಲಿ ಕಾಗೆ ಓಡಿಸದವನಾದೆ. ಒಳ್ಳೇ ಗುಂಡು ಸಿಕ್ಕಿದರೆ ನೇರ ಡಬ್ಬಿಗೆ. ಮುಂದೆ ಯಾವ ದೊಡ್ಡ ರಾಕ್ಷಸ ಕಾದಿದ್ದಾನೋ, ಇರಲಿ. ಅರ್ಧ ಜೀವ ಇಟ್ಟುಕೊಂಡು ಕುಂಟುತ್ತಾ ನಡೆದೆ, ಸೊಪ್ಪು ಮುಟ್ಟಲಿಲ್ಲ.

ಹೆಂಡತಿಗೆ ಕುತೂಹಲ ಹುಟ್ಟಿ ಅವಳೂ ಆಡಲು ಕೂತಳು. ಅವಳಿಗೆ 2005ರಲ್ಲಿ ಬಂದ ರೆಸಿಡೆಂಟ್ ಈವಿಲ್ ನಾಲ್ಕನೇ ಭಾಗ ಹಾಕಿಕೊಟ್ಟೆ, ಅದು ಸ್ವಲ್ಪ ಧಾರಾಳಿ. ಸೇವ್‌ಗೆ ರಿಬ್ಬನ್ ಬೇಡ, ಸತ್ತವರು ಗುಂಡು, ದುಡ್ಡು ಬೀಳಿಸಿ ಹೋಗುತ್ತಾರೆ. ಅವಳು ಬಾಗಿಲಿಗೆ ಗುಂಡು ಹೊಡೆದಳು, ಕೋಳಿಗೆ ಹೊಡೆದಳು. ಚರ್ಮ ಗೀರಿದರೆ ಸೊಪ್ಪು ಹಾಕಿದಳು. "ಅದನ್ನ ಇಟ್ಕೋ" ಅಂತ ನಾನು ಹಿಂದಿನಿಂದ ಒದ್ದಾಡಿದೆ. ಆ ಆಟಕ್ಕೆ ಒಂದು ಗುಣವಿದೆ, ತುಂಬಾ ಸೋಲುವವರಿಗೆ ಅದು ಒಳಗೊಳಗೇ ಸಡಿಲ ಬಿಡುತ್ತದೆ, ಚೆನ್ನಾಗಿ ಆಡುವವರಿಗೆ ಬಿಗಿ ಮಾಡುತ್ತದೆ. ದುಂದು ಮಾಡಿದವಳು ಆರಾಮಾಗಿ ಮುಂದೆ ಹೋದಳು.

ನನ್ನ ಬಂಗಲೆಯೂ ಕೊನೆಗೆ ಬಂತು. ಇಷ್ಟು ಹಳೇ ಆಟದ ಕೊನೆ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ ಅಂದುಕೊಂಡಿದ್ದೇನೆ. ಹೆಲಿಕಾಪ್ಟರ್ ಇಳಿಯುವ ಜಾಗದಲ್ಲಿ ಆ ದೊಡ್ಡ ರಾಕ್ಷಸ ಸಿಕ್ಕ. ಇವನಿಗಾಗಿಯೇ ನಾನು ಇಷ್ಟು ದಿನ ಹೊಟ್ಟೆ ಕಟ್ಟಿ ಕೂಡಿಟ್ಟದ್ದು. ಆದರೆ ಅವನ ಜೊತೆ ಸ್ವಲ್ಪ ಹೊತ್ತು ಸೆಣಸಿದರೆ ಸಾಕು, ಮೇಲೆ ಸುತ್ತುವ ಹೆಲಿಕಾಪ್ಟರಿನಿಂದ ಒಬ್ಬ ರಾಕೆಟ್ ಲಾಂಚರ್ ಎಸೆಯುತ್ತಾನೆ. ಪುಕ್ಕಟೆ. ಒಂದು ರಾಕೆಟ್ಟಿಗೆ ರಾಕ್ಷಸ ಚೂರು ಚೂರು. ಬೆನ್ನಿಗೇ ಬಂಗಲೆಯೂ ಸ್ಫೋಟವಾಗಿ ಹೋಯಿತು.

"ಮತ್ತೆ ಆ ಡಬ್ಬಿ?" ಹೆಂಡತಿ ಕೇಳಿದಳು.

"ಮನೆ ಒಳಗೇ ಇತ್ತು."

ಅವಳು ಒಳಗೆ ಹೋಗಿ ನಕ್ಕಳು. ಎದುರಿಗೆ ನಗಬಾರದು ಅನ್ನುವಷ್ಟು ಕನಿಕರ ಇತ್ತು.

ಈಗ ಕ್ರಿಸ್ ಆಗಿ ಮತ್ತೆ ಶುರು ಮಾಡಿದ್ದೇನೆ. ಆರು ಖಾನೆ. ನಿನ್ನೆ ರಾತ್ರಿ ಎರಡು ಹಸಿರು ಸೊಪ್ಪು ಸಿಕ್ಕಿತು. ಡಬ್ಬಿಗೆ ಹಾಕಿ ಬಂದೆ.