ಎರಡನೆಯ ಸರ್ವರ್‌ಗೆ ಹಿಡಿದ ಶನಿ

ಕೌಂಟರಿನ ಆಚೆಯಿಂದ ‘ಸರ್ವರ್ ಡೌನ್’ ಎಂಬ ಮಾತು ಕೇಳಿದ ಕೂಡಲೇ ಅರ್ಜಿಯನ್ನು ಮಡಿಚಿ ಜೇಬಿಗಿಟ್ಟು ಮನೆಯ ದಾರಿ ಹಿಡಿಯುವ ಶಿಸ್ತನ್ನು ನಮ್ಮ ಜನ ಯಾವ ತರಬೇತಿಯೂ ಇಲ್ಲದೆ ಕಲಿತಿದ್ದಾರೆ. ಪಹಣಿಗೆ ಬಂದವರಾಗಲಿ, ಪಡಿತರಕ್ಕೆ ಬೆರಳೊತ್ತಲು ನಿಂತವರಾಗಲಿ, ಡೌನ್ ಆದದ್ದೇಕೆ ಎಂದು ಯಾರೂ ಕೇಳುವುದಿಲ್ಲ. ಕೇಳಿದ್ದರೆ ಒಳಗಿನವರೂ ಅದೇ ಪ್ರಶ್ನೆಯನ್ನು ಇಟ್ಟುಕೊಂಡು ಸಭೆಯ ಮೇಲೆ ಸಭೆ ನಡೆಸುತ್ತಿದ್ದಾರೆಂಬುದು ಗೊತ್ತಾಗುತ್ತಿತ್ತು.

ಒಂದು ಇಲಾಖೆಯನ್ನು ಊಹಿಸಿಕೊಳ್ಳಿ. ಹೆಸರನ್ನು ಓದುಗರೇ ತಮ್ಮ ಅನುಭವಕ್ಕೆ ತಕ್ಕಂತೆ ತುಂಬಿಕೊಳ್ಳಬಹುದು. ಅಲ್ಲಿ ದಾಖಲೆಗಳನ್ನಿಡುವ ಒರಾಕಲ್ ಡೇಟಾಬೇಸನ್ನು ಎರಡು ಸರ್ವರ್‌ಗಳ ಕ್ಲಸ್ಟರಿನಲ್ಲಿ, ಅಂದರೆ ಒಂದಾಗಿ ದುಡಿಯುವ ಜೋಡಿಯಲ್ಲಿ, ಕೂರಿಸಲಾಗಿದೆ. ಎರಡೂ ಒಂದೇ ಡಿಸ್ಕಿನಲ್ಲಿ ಬರೆಯುತ್ತವೆಯಾದ್ದರಿಂದ, ಒಂದರ ಸುದ್ದಿ ಒಂದಕ್ಕೆ ತಿಳಿಯದೆ ಬರೆದರೆ ದತ್ತಾಂಶವೆಲ್ಲ ಕಲಸುಮೇಲೋಗರವಾಗುತ್ತದೆ. ಆ ಕಾರಣಕ್ಕೆ ಇವು ತಮ್ಮದೇ ಪ್ರತ್ಯೇಕ ಜಾಲದಲ್ಲಿ ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಹೇಳಿಕೊಳ್ಳುತ್ತಿರಬೇಕು. ಈ ಹಾರ್ಟ್‌ಬೀಟ್ 30 ಸೆಕೆಂಡು ಸತತವಾಗಿ ನಿಂತರೆ ಎರಡರಲ್ಲೊಂದನ್ನು ಕ್ಲಸ್ಟರಿನಿಂದ ಹೊರಹಾಕಲಾಗುತ್ತದೆ. ಹೊರಬಿದ್ದ ಸರ್ವರ್ ಡಿಸ್ಕನ್ನು ಮುಟ್ಟದಂತೆ ಮಾಡಲು ಸಾಫ್ಟ್‌ವೇರ್ ಬೇರೆ ದಾರಿ ಕಾಣದಿದ್ದಾಗ ಯಂತ್ರವನ್ನೇ ರೀಬೂಟ್ ಮಾಡಿಬಿಡುತ್ತದೆ. ಮೂವತ್ತು ಸೆಕೆಂಡು ಉತ್ತರ ಕೊಡದವರನ್ನು ಹೊರಗೆ ಕಳಿಸುವ ಈ ನಿಯಮವನ್ನು, ಮೂರು ವರ್ಷ ಉತ್ತರ ಕೊಡದ ಕಡತಗಳ ಕೆಳಗೆ ಕುಳಿತು ಆಡಳಿತ ನಡೆಸುವವರು ಅನ್ಯಾಯವೆಂದು ಭಾವಿಸುವುದು ಸಹಜವೇ.

ಹಾಗೆಂದು ಅದು ಹೇಳದೆ ಕೇಳದೆ ಹೊರಹಾಕುವುದೂ ಇಲ್ಲ. ಅವಧಿಯಲ್ಲಿ ಅರ್ಧ ಕಳೆದಾಗ ಒಂದು, ಮುಕ್ಕಾಲು ಕಳೆದಾಗ ಇನ್ನೊಂದು, ಶೇಕಡಾ 90 ಕಳೆದಾಗ ಮತ್ತೊಂದು, ಹೀಗೆ ಮೂರು ನೋಟಿಸುಗಳನ್ನು, ಇನ್ನೆಷ್ಟು ಸೆಕೆಂಡಿಗೆ ಹೊರಹಾಕಲಾಗುವುದೆಂಬ ಲೆಕ್ಕದ ಸಮೇತ ಲಾಗಿನಲ್ಲಿ, ಅಂದರೆ ತನ್ನ ದಿನಚರಿಯಲ್ಲಿ, ದಾಖಲಿಸುತ್ತದೆ. ಇಷ್ಟು ಕ್ರಮಬದ್ಧವಾಗಿ ನೋಟಿಸು ಕೊಡುವ ಇನ್ನೊಂದು ಸಂಸ್ಥೆ ಆ ಕಟ್ಟಡದಲ್ಲಿಲ್ಲ. ಆದರೂ ಇಲಾಖೆಯ ಕಡತದಲ್ಲಿ ಈ ಘಟನೆಗಳ ಶೀರ್ಷಿಕೆ ‘ಕಾರಣ ತಿಳಿಯದ ರೀಬೂಟ್’ ಎಂದೇ ಇದೆ. ಏಕೆಂದರೆ ತನಿಖಾ ಸಮಿತಿ ಪ್ರತಿ ಸಲವೂ ಮುಗ್ಗರಿಸಿ ಬಿದ್ದ ಸರ್ವರನ್ನೇ ವಿಚಾರಣೆಗೆ ಎಳೆಯುತ್ತದೆ. ಹಠಾತ್ತನೆ ರೀಬೂಟ್ ಆದ ಯಂತ್ರದ ಕೊನೆಯ ಸಾಲುಗಳು ಎಷ್ಟೋ ಸಲ ಡಿಸ್ಕಿಗೆ ಇಳಿಯುವ ಮೊದಲೇ ಹೋಗಿರುತ್ತವೆ. ಉಳಿದುಕೊಂಡ ಸರ್ವರಿನ ಲಾಗಿನಲ್ಲಿ ಮೂರೂ ನೋಟಿಸುಗಳು ಭದ್ರವಾಗಿರುತ್ತವೆ, ಆದರೆ ಆರೋಗ್ಯವಾಗಿರುವವರನ್ನು ವಿಚಾರಿಸುವ ಪದ್ಧತಿ ಇಲ್ಲ.

ಸಮಿತಿಯ ಸಭೆ ನೋಡುವಂಥದ್ದು. ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ತಂಡ, ಸಿಸ್ಟಮ್ ತಂಡ, ಸ್ಟೋರೇಜ್ ತಂಡ, ನೆಟ್‌ವರ್ಕ್ ತಂಡ, ನಾಲ್ಕೂ ನಾಲ್ಕು ಗುತ್ತಿಗೆದಾರರ ಕಡೆಯವು. ‘ನಮ್ಮ ಕಡೆಯಿಂದ ಏನೂ ತೊಂದರೆ ಇಲ್ಲ ಸರ್’ ಎಂಬ ವಾಕ್ಯ ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಮುಗಿಸುವಷ್ಟರಲ್ಲಿ ಕಾಫಿ ಬರುತ್ತದೆ. ನೆಟ್‌ವರ್ಕ್ ತಂಡದವರು ಅಲ್ಲೇ ಲ್ಯಾಪ್‌ಟಾಪ್ ತೆರೆದು ಪಿಂಗ್ ಮಾಡಿ, ಅಂದರೆ ಜಾಲದ ಮೂಲಕ ಸರ್ವರನ್ನು ಕೂಗಿ ನೋಡಿ, ಉತ್ತರ ಬಂದದ್ದನ್ನು ತೋರಿಸಿ, ಸ್ಕ್ರೀನ್‌ಶಾಟನ್ನು ಕಡತಕ್ಕೆ ಸೇರಿಸುತ್ತಾರೆ. ಪಿಂಗ್ ಮಾಡಿದ್ದು ಹಾರ್ಟ್‌ಬೀಟ್ ಓಡಾಡುವ ಜಾಲವನ್ನಲ್ಲ, ಜನರ ಅರ್ಜಿಗಳು ಬರುವ ಜಾಲವನ್ನು. ಅದೂ ರೀಬೂಟ್ ಆಗಿ ಐದು ದಿನ ಕಳೆದ ಮೇಲೆ.

ಈ ಮಧ್ಯೆ ಪ್ರತಿ ಸಲವೂ ಎರಡನೆಯ ಸರ್ವರೇ ಬೀಳುತ್ತಿದೆ ಎಂಬುದನ್ನು ಒಬ್ಬರು ಗಮನಿಸಿದರು. ಇದಕ್ಕೂ ಕಾರಣ ಗುಟ್ಟಿನದಲ್ಲ. ಇಬ್ಬರೇ ಇದ್ದು ಸಂಪರ್ಕ ಕಡಿದರೆ ಬಹುಮತ ಯಾರಿಗೂ ಇರುವುದಿಲ್ಲವಾದ್ದರಿಂದ, ಇಂಥ ಸಮಬಲದಲ್ಲಿ ಕಡಿಮೆ ಕ್ರಮಸಂಖ್ಯೆಯ ಸರ್ವರನ್ನು ಉಳಿಸಿಕೊಳ್ಳುವುದು ಇಲಾಖೆಯಲ್ಲಿರುವ ಸಾಫ್ಟ್‌ವೇರಿನ ಹಳೆಯ ಆವೃತ್ತಿಯ ನಿಯಮ. ಸೇವಾ ಹಿರಿತನದ ಪಟ್ಟಿಯನ್ನು ತಲೆದಿಂಬಿನ ಕೆಳಗಿಟ್ಟು ಮಲಗುವ ಕಚೇರಿಗೆ ಇದೊಂದು ಅರ್ಥವಾಗದೆ ಹೋದದ್ದು ಸೋಜಿಗ. ಅವರು ಎರಡನೆಯ ಸರ್ವರನ್ನು ದೋಷಪೂರಿತವೆಂದು ಘೋಷಿಸಿ ಹೊಸತನ್ನು ತರಿಸಿದರು. ಆಯುಧಪೂಜೆಯ ದಿನ ಅದರ ಮುಂಬಾಗಿಲಿಗೆ, ಗಾಳಿ ಒಳಹೋಗುವ ಜಾಲರಿಯ ಮೇಲೆಯೇ, ಕುಂಕುಮ ಹಚ್ಚಿ ನಿಂಬೆಹಣ್ಣು ಕಟ್ಟಿದರು. ಹೊಸತಕ್ಕೂ ಎರಡನೆಯ ಸಂಖ್ಯೆಯೇ ಸಿಕ್ಕಿದ್ದರಿಂದ ಅದೂ ಮುಂದಿನ ಶುಕ್ರವಾರ ಹನ್ನೊಂದರ ಸುಮಾರಿಗೆ ಬಿತ್ತು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲವೆಂದು ಅಧೀಕ್ಷಕರು ಕ್ಯಾಲೆಂಡರ್ ನೋಡಿ ಹೇಳಿದಾಗ, ಇಡೀ ತನಿಖೆಯಲ್ಲಿ ಮೊದಲ ಬಾರಿಗೆ ಒಬ್ಬರು ಘಟನೆಯ ಸಮಯವನ್ನು ಇನ್ನೊಂದು ದಾಖಲೆಯೊಂದಿಗೆ ಹೋಲಿಸಿ ನೋಡಿದಂತಾಯಿತು. ದಾಖಲೆ ಬೇರೆಯಾಗಿತ್ತು ಅಷ್ಟೆ. ಅದೇ ಹೊತ್ತಿಗೆ ವಾರದ ಸಿಸಿಟಿವಿ ದೃಶ್ಯಾವಳಿಯ ನಕಲು ಶುರುವಾಗುತ್ತದೆ. ಹಾರ್ಟ್‌ಬೀಟಿಗೆಂದೇ ಮೀಸಲಾಗಿದ್ದ ಏಕೈಕ ನೆಟ್‌ವರ್ಕ್ ಸ್ವಿಚ್ಚಿಗೆ ಯಾರೋ ಪುಣ್ಯಾತ್ಮರು ಕ್ಯಾಮೆರಾಗಳನ್ನೂ ಸಿಕ್ಕಿಸಿದ್ದಾರೆ. ನಕಲಿನ ಹೊರೆಗೆ ಸ್ವಿಚ್ಚು ಉಸಿರು ಕಟ್ಟುತ್ತದೆ, ಮೂವತ್ತು ಸೆಕೆಂಡು ಕಳೆಯುತ್ತದೆ, ಕಿರಿಯ ಸರ್ವರ್ ಮನೆಗೆ ಹೋಗುತ್ತದೆ.

ಸಲಹೆಗಾರರೊಬ್ಬರು ಸೂಚಿಸಿದ ಪರಿಹಾರ ಸರಳವಾಗಿತ್ತು. ಮೂವತ್ತು ಸೆಕೆಂಡನ್ನು ಮುನ್ನೂರು ಮಾಡುವುದು. ಮಾಡಿದರು. ರೀಬೂಟುಗಳು ನಿಂತವು. ಈಗ ಶುಕ್ರವಾರಗಳಂದು ಎರಡೂ ಸರ್ವರ್‌ಗಳು ಪರಸ್ಪರ ಉತ್ತರಕ್ಕಾಗಿ ಕಾಯುತ್ತ ಸ್ತಬ್ಧವಾಗಿ ನಿಲ್ಲುತ್ತವೆ, ಅವುಗಳ ಜೊತೆಗೆ ಎಲ್ಲ ತಾಲ್ಲೂಕುಗಳ ಕೌಂಟರುಗಳೂ ನಿಲ್ಲುತ್ತವೆ. ಆದರೆ ಯಾವ ಯಂತ್ರವೂ ಬೀಳದ ಕಾರಣ ಅಪ್‌ಟೈಮ್ ವರದಿ ನಿಷ್ಕಳಂಕವಾಗಿದ್ದು, ಗುತ್ತಿಗೆದಾರರ ದಂಡದ ಮೊತ್ತವನ್ನು ಮರಳಿಸಲು ಆದೇಶವಾಗಿದೆ.

ಕ್ಲಸ್ಟರನ್ನು ಇನ್ನಷ್ಟು ಬಲಪಡಿಸಲು ಮೂರನೆಯ ಸರ್ವರಿಗೂ ಟೆಂಡರ್ ಕರೆಯಲಾಗಿದೆ. ಅದಕ್ಕಾಗಿ ಬೇರೆ ಸ್ವಿಚ್ ಕೊಳ್ಳುವ ಅಗತ್ಯವಿಲ್ಲವೆಂದೂ, ಈಗಿರುವುದರಲ್ಲಿಯೇ ಕ್ಯಾಮೆರಾಗಳ ಪಕ್ಕ ಎರಡು ಪೋರ್ಟುಗಳು ಖಾಲಿ ಇವೆಯೆಂದೂ ಟಿಪ್ಪಣಿಯಲ್ಲಿ ಉಳಿತಾಯದ ಬಾಬತ್ತಿನಡಿ ಕಾಣಿಸಲಾಗಿದೆ.