ಬಯಲಲ್ಲಿ ಎಂತ ಇದ್ದು?

ಹೋದ ವಾರ ಶಿರಸಿಯ ಗೆಳೆಯನೊಬ್ಬ ರಾಣೆಬೆನ್ನೂರಿಗೆ ಬಂದಿದ್ದ. ಬೈಕ್ ಹತ್ತಿಸಿಕೊಂಡು ಊರ ಹೊರಗೆ ಕರೆದುಕೊಂಡು ಹೋದೆ. ಸುತ್ತ ಕಣ್ಣಾಡಿಸಿ, "ಎಂತ ಇದ್ದು ಮಾರಾಯಾ ಇಲ್ಲಿ, ಬರೀ ಬಯಲು!" ಅಂದ.

ಸಿಟ್ಟು ಬಂತು. ಆದರೆ ಅವನಿಗೆ ಹಾಗನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅವರ ತೋಟದ ಅಂಚಿನಲ್ಲೇ ಕೆಂದಳಿಲು ಮರದಿಂದ ಮರಕ್ಕೆ ಜಿಗಿಯುತ್ತದೆ. ಮಂಗಟ್ಟೆ ಹಕ್ಕಿ ಯಾರೋ ಗಹಗಹಿಸಿ ನಕ್ಕ ಹಾಗೆ ಕೂಗುತ್ತದೆ. ಮಳೆಗಾಲದಲ್ಲಿ ಎರಡು ದಿನ ಅಲ್ಲಿ ಸುತ್ತಿದ್ದೆ. ಕಿವಿಗೆ ಬಿದ್ದಿದ್ದು ಜಾಸ್ತಿ, ಕಣ್ಣಿಗೆ ಬಿದ್ದಿದ್ದು ಕಮ್ಮಿ. ಕೈಯಾರೆ ಎಣಿಸಿದ್ದು ಅಂದರೆ ಕಾಲಿಗೆ ಹತ್ತಿದ ಇಂಬಳ ಮಾತ್ರ!

ಬಯಲಲ್ಲಿ ಹಾಗಲ್ಲ. ಗೋವಿನಜೋಳದ ಹೊಲ ದಾಟಿ ಬೈಕ್ ನಿಲ್ಲಿಸಿದೆ. ಒಂದು ಗಂಡು ಚಿಗರಿ, ಅಂದರೆ ಕೃಷ್ಣಮೃಗ, ನಿಂತಿತ್ತು. ಮೈ ಕಪ್ಪು, ಹೊಟ್ಟೆ ಬಿಳಿ, ತಿರುಚಿದ ಉದ್ದ ಕೊಂಬು. ಕಾಲ ಬುಡದಲ್ಲಿ ಹಿಕ್ಕೆಯ ರಾಶಿ. ಅದು ದಿನಾ ಅದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ, ಬೇರೆ ಗಂಡುಗಳಿಗೆ "ಇದು ನನ್ನ ಜಾಗ" ಅಂತ ಗೊತ್ತಾಗಲಿ ಅಂತ. ಪಕ್ಕದ ಒಣ ಕಡ್ಡಿಗೆ ಕಣ್ಣಿನ ಹತ್ತಿರದ ಗ್ರಂಥಿಯನ್ನು ಉಜ್ಜಿ ವಾಸನೆ ಹಚ್ಚಿತು. ನಮ್ಮ ಹೊಲದ ಬದು, ಕಲ್ಲು ಎಲ್ಲ ಇದ್ದ ಹಾಗೇ, ಅಲ್ವಾ? ಹೊಲದವರು ಇವಕ್ಕೆ ಶಾಪ ಹಾಕುತ್ತಾರೆ, ಅದೂ ಸುಳ್ಳಲ್ಲ. ಬೆಳೆ ತಿಂದರೆ ಯಾರಿಗೆ ಸಹಿಸುತ್ತದೆ?

ಅವರ ಮಂಗಟ್ಟೆಗೂ ಬಯಲುಸೀಮೆಯಲ್ಲಿ ನೆಂಟನಿದ್ದಾನೆ. ಅವರದಕ್ಕೆ ಕೊಕ್ಕಿನ ಮೇಲೆ ಏನೂ ಇಲ್ಲ, ಈ ಕಡೆಯದಕ್ಕೆ ಪುಟ್ಟ ಕೊಂಬಿದೆ. ಅದು ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಸಿಗದು, ಇದು ಒಣ ಸೀಮೆಯ ಆಲ, ಅತ್ತಿ ಮರಗಳಲ್ಲೂ ಬದುಕುತ್ತದೆ. ಇನ್ನು ತೋಳ ಬೇಕಾದರೆ ಕೊಪ್ಪಳದ ಬಂಕಾಪುರಕ್ಕೆ ಹೋಗಬೇಕು. (ನಮ್ಮ ಹಾವೇರಿ ಜಿಲ್ಲೆಯ ಬಂಕಾಪುರ ಅಲ್ಲ, ಅಲ್ಲಿರೋದು ನವಿಲು.)

ನನ್ನ ತಕರಾರು ಒಂದೇ. ಮರ ಇದ್ದರೆ ಕಾಡು, ಇಲ್ಲದಿದ್ದರೆ ಬಂಜರು ಅಂತ ನಾವೆಲ್ಲ ಸುಮ್ನೆ ತೀರ್ಮಾನ ಮಾಡಿಬಿಟ್ಟಿದ್ದೇವೆ. ರಾಣೆಬೆನ್ನೂರಲ್ಲಿ 1974ರಲ್ಲೇ ಚಿಗರಿಗಾಗಿ 119 ಚದರ ಕಿಲೋಮೀಟರ್ ಅಭಯಾರಣ್ಯವಾಯಿತು. ಅಂಥ ಜಾಗದಲ್ಲೂ ನೀಲಗಿರಿ ತೋಪು ಎದ್ದಿತು. ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಅನ್ನೋ ದೊಡ್ಡ ಹಕ್ಕಿ ಇದೇ ಬಯಲಲ್ಲಿ ಓಡಾಡುತ್ತಿತ್ತು. ಈಗ ಇಲ್ಲ. ಇಡೀ ದೇಶದ ಕಾಡುಮೇಡಿನಲ್ಲಿ ಉಳಿದಿರೋದು 150ಕ್ಕಿಂತ ಕಡಿಮೆ, ಅದರಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿ. ಆ ಹಕ್ಕಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ದೂರದ ತನಕ ಕಾಣುವ ಬಯಲು ಅದಕ್ಕೆ ಬೇಕು. ಕಣ್ಣು ತಲೆಯ ಪಕ್ಕಕ್ಕಿರುವುದರಿಂದ ಎದುರಿನ ಕರೆಂಟ್ ತಂತಿ ಬೇಗ ಕಾಣದೆ ಬಡಿದು ಸಾಯುತ್ತದೆ.

ಜೂನ್ ಬಂದರೆ ಸಸಿ ಹಿಡಿದು ಬಯಲಿಗೆ ಬರುವವರು ಇದ್ದೇ ಇರುತ್ತಾರೆ. ಶಾಲೆ ಅಂಗಳದಲ್ಲಿ ನೆಡಿ, ರಸ್ತೆ ಪಕ್ಕ ನೆಡಿ. ಹುಲ್ಲಿರುವ ಕಡೆ ಗುಂಡಿ ತೋಡಬೇಡಿ.

ಗೆಳೆಯ ವಾಪಸ್ ಬರುವಾಗ ಮೂರು ಸಲ ಬೈಕ್ ನಿಲ್ಲಿಸಲು ಹೇಳಿದ. ಮೂರನೇ ಸಲ ನಿಲ್ಲಿಸಿದ್ದು ಚಿಗರಿಗಲ್ಲ, ಬರೀ ಒಂದು ಟಿಟ್ಟಿಭ ಹಕ್ಕಿಗೆ.