ಎಲ್ಲಾ ಅವನೇ ಮಾಡಿದ್ದು

ಬೆಂಗಳೂರಿನಲ್ಲಿ ಏನೇ ಕೆಟ್ಟರೂ ಕೆಡಿಸಿದವರು ಯಾರು ಅಂತ ಹುಡುಕುತ್ತಾ ಕೂರಬೇಕಾಗಿಲ್ಲ. ಸುಮ್ನೆ ಪೊಲೀಸರಿಗೂ ತೊಂದರೆ ಕೊಡಬೇಡಿ. ಟ್ರಾಫಿಕ್ ಜಾಮ್ ಆಯಿತೇ? ಹೊರಗಿನವನು. ಬೋರ್‌ವೆಲ್ ಬತ್ತಿತೇ? ಹೊರಗಿನವನು. ಮಳೆ ಬಂದು ರಸ್ತೆ ಮುಳುಗಿತೇ? ಅವನೇ. ಮಳೆಯೇ ಬರಲಿಲ್ಲವೇ? ಅದರಲ್ಲೂ ಅವನ ಕೈವಾಡ ಏನೋ ಇರಬೇಕು, ವಿಚಾರಿಸಿದರೆ ಗೊತ್ತಾಗುತ್ತೆ.

ನನಗಂತೂ ಅವನ ಮೇಲೆ ಕೋಪಕ್ಕಿಂತ ಬೆರಗೇ ಜಾಸ್ತಿ. ಎಂಥಾ ಕೆಲಸಗಾರ! ಪಾಟ್ನಾದಿಂದಲೋ ಗುವಾಹಟಿಯಿಂದಲೋ ಒಂದು ಬ್ಯಾಗ್ ಹೊತ್ತುಕೊಂಡು ಬೆಳಗ್ಗೆ ಮೆಜೆಸ್ಟಿಕ್‌ಗೆ ಬಂದು ಇಳಿಯುತ್ತಾನೆ. ಮಧ್ಯಾಹ್ನದೊಳಗೆ ಒಂದು ಕೆರೆ ನುಂಗುತ್ತಾನೆ. ಸಂಜೆಗೆ ಮಳೆನೀರು ಹರಿಯುವ ರಾಜಕಾಲುವೆ ಮೇಲೆ ಲೇಔಟ್ ಎಬ್ಬಿಸುತ್ತಾನೆ. ತಾನೇ ಸರ್ವೇಯರ್ ಆಗಿ ನಕಾಶೆಯಲ್ಲಿ ಕಾಲುವೆಯ ಗೆರೆ ಅಳಿಸುತ್ತಾನೆ. ತಾನೇ ಪ್ಲಾನ್‌ಗೆ ಸಹಿ ಹಾಕುತ್ತಾನೆ. ತಾನೇ ಸಬ್‌ರಿಜಿಸ್ಟ್ರಾರ್ ಕುರ್ಚಿಯಲ್ಲಿ ಕೂತು ರಿಜಿಸ್ಟರ್ ಮಾಡಿ, ತನಗೆ ತಾನೇ ಖಾತಾ ಬರೆದುಕೊಡುತ್ತಾನೆ. ಅದೂ ಒಂದಕ್ಷರ ಕನ್ನಡ ಬರದೆ! ಇಲ್ಲೇ ಹುಟ್ಟಿ ಬೆಳೆದವರು ಒಂದು ಖಾತಾ ವರ್ಗಾವಣೆಗೆ ಚಪ್ಪಲಿ ಸವೆಸುತ್ತಾರೆ.

ಅವನಿಗೆ ಕಾಲದ ಹಂಗೂ ಇಲ್ಲ. ಅವನು ಬಂದು ಇಳಿಯುವ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದೇ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಕ್ರೀಡಾಂಗಣ ಇದೆ. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಆಡುತ್ತೇವೆ. ಕೋರಮಂಗಲದ ಶಿನಿವಾಗಿಲು ಕೆರೆಯಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟದ ನೆಪದಲ್ಲಿ ಅಪಾರ್ಟ್‌ಮೆಂಟ್‌ಗಳು ಎದ್ದವು. ಈಗಿನ ಸಾಫ್ಟ್‌ವೇರ್ ಹುಡುಗರಲ್ಲಿ ಎಷ್ಟೋ ಜನ ಆಗ ಹುಟ್ಟಿರಲಿಲ್ಲ, ಹುಟ್ಟಿದವರು ತೊಟ್ಟಿಲಲ್ಲಿದ್ದರು. ಆದರೇನು? ಪುಣ್ಯಾತ್ಮ ಹುಟ್ಟುವ ಮುಂಚೆಯೇ ಒಂದು ಸಲ ಬಂದು, ಮುಂದೆ ತನಗೆ ಇಳಿಯೋಕೆ ಬಸ್ ಸ್ಟ್ಯಾಂಡ್ ಬೇಕಾಗುತ್ತೆ ಅಂತ ಕೆರೆ ಮುಚ್ಚಿ ಹೋಗಿದ್ದಾನೆ.

2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಮಹದೇವಪುರ, ಹೊರವರ್ತುಲ ರಸ್ತೆ ಎಲ್ಲಾ ನೀರಾಯಿತು. ಟೆಕ್ಕಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಮುಳುಗಿದವನೇ ಮುಳುಗಿಸಿದವನು ಅಂತ ತೀರ್ಮಾನವೂ ಆಯಿತು. ಒಂದಷ್ಟು ದಿನ ಜೆಸಿಬಿ ಓಡಾಡಿದವು, ಒಂದಷ್ಟು ಗೋಡೆಗಳು ಬಿದ್ದವು, ಆಮೇಲೆ ಸದ್ದಡಗಿತು. ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಬೆಂಗಳೂರಿನ ಕೋತಿಗಳು ಇನ್ನೂ ಚುರುಕು. ಮೊದಲು ಆ ಮೇಕೆಗೇ ಸೈಟ್ ಮಾರಿ, ಆಮೇಲೆ ಒರೆಸುತ್ತವೆ.

ಸರಿ, ಅವನು ಹೊರಟುಹೋದರೆ ಊರು ಉದ್ಧಾರ ಆಗಬೇಕಲ್ವಾ? ಅದಕ್ಕೂ ಒಂದು ಒಳ್ಳೆಯ ಅವಕಾಶ ಬಂದಿತ್ತು. 2020ರ ಮೇ ತಿಂಗಳು, ಲಾಕ್‌ಡೌನ್. ಕಟ್ಟಡ ಕೆಲಸದವರು ತಾವಾಗಿಯೇ ಗಂಟುಮೂಟೆ ಕಟ್ಟಿದರು. ಬಿಹಾರ, ಒಡಿಶಾ, ಉತ್ತರಪ್ರದೇಶ, ಜಾರ್ಖಂಡ್, ಎಲ್ಲರದೂ ಒಂದೇ ಮಾತು: ನಮ್ಮನ್ನು ಊರಿಗೆ ಕಳಿಸಿಬಿಡಿ. ಇದಕ್ಕಿಂತ ಇನ್ನೇನು ಬೇಕಿತ್ತು? ಹಾರ ಹಾಕಿ, ಬುತ್ತಿ ಕಟ್ಟಿಕೊಟ್ಟು ಕಳಿಸಬಹುದಿತ್ತು.

ಏನಾಯಿತು ಹೇಳಿ? ಮುಖ್ಯಮಂತ್ರಿಗಳು ಬಿಲ್ಡರ್‌ಗಳ ಜೊತೆ ಸಭೆ ನಡೆಸಿದರು. ಆ ಸಭೆ ಆದಮೇಲೆ ಸರ್ಕಾರ ರೈಲ್ವೆಗೆ ಪತ್ರ ಬರೆಯಿತು: ವಿಶೇಷ ರೈಲು ಬೇಡ. ಊರು ಕೆಡಿಸುತ್ತಾರೆ ಅಂತ ಬೈಸಿಕೊಂಡವರು ಈಗ ಊರು ಬಿಡಲು ಬಿಡಿ ಅಂತ ಬೇಡಬೇಕಾಯಿತು. ಕೆಲವರು ನಡೆದೇ ಹೊರಟರು. ದೇಶದ ತುಂಬ ಗಲಾಟೆ ಎದ್ದ ಮೇಲೆ ಒಂದೆರಡು ದಿನದಲ್ಲೇ ಸರ್ಕಾರ ಮನಸ್ಸು ಬದಲಿಸಿತು, ರೈಲು ಬಿಟ್ಟರು. ವರ್ಷವಿಡೀ ‘ಗೋ ಬ್ಯಾಕ್’ ಅಂತ ಕೂಗುವ ಒಬ್ಬನೂ ಆವತ್ತು ಹಸಿರು ಬಾವುಟ ಹಿಡಿದು ಸ್ಟೇಷನ್ನಿಗೆ ಬಂದದ್ದು ನನಗೆ ನೆನಪಿಲ್ಲ.

ಅಂದಹಾಗೆ, ಅರವತ್ತರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ಶಿವಸೇನೆಯವರು ‘ಲುಂಗಿ ಹಟಾವೋ’ ಅಂತ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಎಸೆದಿದ್ದರು. ಅದು ಬೇರೆ ವಿಷಯ ಬಿಡಿ. ನಮ್ಮವರು ಅಲ್ಲಿಗೆ ಬೆವರು ಸುರಿಸಿ ದುಡಿಯಲು ಹೋದವರು. ಇಲ್ಲಿಗೆ ಬರುವವರು ಬರೋದು ಟ್ರಾಫಿಕ್ ಮಾಡೋದಕ್ಕೆ.

ಇಲ್ಲಿದ್ದ ಮೇಲೆ ಕನ್ನಡ ಕಲಿಯಿರಿ ಅಂತ ಕೇಳುವುದು ನ್ಯಾಯ. ಅದನ್ನು ನಾನೂ ಕೇಳುತ್ತೇನೆ, ಜೋರಾಗಿಯೇ. ಆದರೆ ಅವನು ನಾಳೆಯೇ ಹಳಗನ್ನಡದಲ್ಲಿ ಪದ್ಯ ಹೇಳಿದರೂ ರಾಜಕಾಲುವೆ ಕಟ್ಟಡದ ಕೆಳಗಿಂದ ಎದ್ದು ಬರುವುದಿಲ್ಲ.

ನಮ್ಮ ಬೀದಿಯಲ್ಲಿ ಮನೆ ಮಾಲೀಕರೊಬ್ಬರಿದ್ದಾರೆ. ಮೂವತ್ತು-ನಲವತ್ತರ ಸೈಟಿನಲ್ಲಿ ಐದು ಅಂತಸ್ತು ಏರಿಸಿದ್ದಾರೆ. ಮೊನ್ನೆ ಗೇಟಿನ ಹತ್ತಿರ ಸಿಕ್ಕಿ ಗೋಳು ತೋಡಿಕೊಂಡರು. "ನೋಡಿ ಸಾರ್, ಈ ಹೊರಗಿನೋರು ಬಂದು ಬಾಡಿಗೆ ಹೆಂಗೆ ಏರಿಸಿಬಿಟ್ರು! ನಮ್ಮೋರಿಗೆ ಒಂದು ಮನೆ ಸಿಗಲ್ಲ."

"ಹಾಗಾದ್ರೆ ನೀವು ನಮ್ಮೋರಿಗೇ ಕೊಡಿ" ಅಂದೆ.

"ಅಯ್ಯೋ, ನಮ್ಮೋರು ಚೌಕಾಸಿ ಜಾಸ್ತಿ ಸಾರ್. ಹತ್ತು ತಿಂಗಳ ಅಡ್ವಾನ್ಸ್ ಅಂದ್ರೆ ಗೇಟಿಂದಲೇ ವಾಪಸ್."

ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ದನಿ ಜೇನಾಯಿತು. "ಹಾಂ ಜೀ, ಖಾಲಿ ಹೈ ಜೀ, ಆಜಾವೋ. ಪಾನಿ? ಅರೆ, ಚೌಬೀಸ್ ಘಂಟಾ ಕಾವೇರಿ ಪಾನಿ ಹೈ ಜೀ!"

ಹಿಂದೆ ಟ್ಯಾಂಕರ್‌ನವನು ನೀರಿನ ಸಂಪ್‌ಗೆ ಪೈಪ್ ಬಿಟ್ಟು, ಕಾಸು ಯಾವಾಗ ಕೊಡ್ತೀರಿ ಅಂತ ಕೂಗುತ್ತಿದ್ದ.